ವರ್ಷಕ್ಕೊಂದು ಖಣ

ಮಾಯಾಳನ್ನು ಬಿಟ್ಟುಕೊಡಿ ಎಂಬ ವಿನಂತಿ ಬಂದಾಗ ನಾನು ಶಿವಲಿಂಗವ್ವನ ಪಿಂಚಣಿ ಅರ್ಜಿ ತುಂಬುತ್ತಿದ್ದೆ. ಸೋಮವಾರ, ಬೆಳಿಗ್ಗೆ ಹನ್ನೊಂದರ ಸುಮಾರು. ಗುಳೇದಗುಡ್ಡದ ಬಸ್‌ಸ್ಟ್ಯಾಂಡಿನ ಎದುರು ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಒಂದು ಕಂಪ್ಯೂಟರ್, ಒಂದು ಝೆರಾಕ್ಸ್ ಮಶಿನ್, ಎರಡು ಪ್ಲಾಸ್ಟಿಕ್ ಕುರ್ಚಿ. ಊರಿನವರ ರೇಷನ್ ಕಾರ್ಡು, ಜಾತಿ ಪ್ರಮಾಣಪತ್ರ, ಬೆಳೆವಿಮೆ ಎಲ್ಲವೂ ನನ್ನ ಬೆರಳಿನ ಕೆಳಗೇ ಹಾದುಹೋಗುತ್ತವೆ. ಒಂದಕ್ಷರ ತಪ್ಪಿದರೆ ಒಬ್ಬರ ಅನ್ನ ತಪ್ಪುತ್ತದೆ ಎಂಬ ಭಯದಲ್ಲಿ ನಾನು ಪ್ರತಿ ಶಬ್ದವನ್ನೂ ಎರಡು ಸಲ ನೋಡುತ್ತೇನೆ. ಹಾಗೆ ನೋಡುವುದು ಈಗ ಬರೀ ಅರ್ಜಿಗಳಿಗಷ್ಟೇ ಉಳಿದಿಲ್ಲ.

ಫೋನು ಗುಂಯ್ ಎಂದಿತು. ಫುಟ್‌ಬಾಲ್ ಸಂಘದ ನೋಂದಣಿ ಆ್ಯಪಿನಿಂದ ಸಂದೇಶ: ಗೋವಾದ ಕ್ಲಬ್ಬೊಂದು ನಿಮ್ಮ ಆಟಗಾರ್ತಿ ಮಾಯಾಳನ್ನು ಕೇಳಿದೆ. ಶುಕ್ರವಾರ ಸಂಜೆ ಐದರೊಳಗೆ ಉತ್ತರಿಸಿ. ಕೆಳಗೆ ಎರಡು ಗುಂಡಿ, ಒಂದು ಒಪ್ಪಿಗೆ, ಇನ್ನೊಂದು ನಿರಾಕರಣೆ.

"ಏನವ್ವ ನಾಗರತ್ನಾ, ನನ್ನ ರೊಕ್ಕ ಬಂತನು?" ಎಂದು ಶಿವಲಿಂಗವ್ವ ಕೇಳಿದಳು.

"ನಿಂದಲ್ಲವ್ವ. ಬ್ಯಾರೆದವ್ರದು," ಎಂದೆ.

ಮಾಯಾ ನಮ್ಮ ನೇಕಾರ ಮಹಿಳಾ ಫುಟ್‌ಬಾಲ್ ಕ್ಲಬ್ಬಿನ ಮುಂಪಡೆಯ ಆಟಗಾರ್ತಿ. ವಯಸ್ಸು ಇಪ್ಪತ್ತು. ನಾನು ಅದೇ ಕ್ಲಬ್ಬಿನಲ್ಲಿ ಹದಿನಾಲ್ಕು ವರ್ಷ ಆಡಿದವಳು, ಈಗ ಕಾರ್ಯದರ್ಶಿ. ಕಾರ್ಯದರ್ಶಿ ಎಂದರೆ ಪಾಸ್‌ವರ್ಡ್ ಗೊತ್ತಿರುವವಳು, ಅಷ್ಟೆ. ಓಟಿಪಿ ನನ್ನ ಫೋನಿಗೇ ಬರುತ್ತದೆ.

ಈ ವಿನಂತಿ ನನ್ನವರೆಗೆ ಬರಬೇಕಾಗಿಯೇ ಇರಲಿಲ್ಲ. ನಮ್ಮಂಥ ಸಣ್ಣ ಊರಿನ ಕ್ಲಬ್ಬಿನ ಹುಡುಗಿಯರು ಸಂಬಳವಿಲ್ಲದೆ ಆಡುವವರು. ಅವರನ್ನು ಯಾರು ಬೇಕಾದರೂ ಕರೆದುಕೊಂಡು ಹೋಗಬಹುದು. ಆದರೆ ಮಾಯಾಳ ಹೆಸರಿನ ಮುಂದೆ 'ಒಪ್ಪಂದದ ಆಟಗಾರ್ತಿ' ಎಂದಿತ್ತು. ಅದಕ್ಕೆ ಕಾರಣ ಒಂದು ಖಣ.

ನಮ್ಮ ಕ್ಲಬ್ ಕಟ್ಟಿದವರು ಕೈಮಗ್ಗದವರು. ಪಂಚಮಿಗೆ ತವರಿನಿಂದ ಹೆಣ್ಣುಮಕ್ಕಳಿಗೆ ಕುಪ್ಪಸದ ಖಣ ಕೊಡುವ ಹಾಗೆ, ಪ್ರತಿ ಪಂಚಮಿಗೆ ಕ್ಲಬ್ಬಿನಿಂದ ಪ್ರತಿಯೊಬ್ಬ ಆಟಗಾರ್ತಿಗೂ ಒಂದೊಂದು ಖಣ. ತಿಂಗಳ ರೊಕ್ಕ ಇಲ್ಲ, ಬಸ್ ಚಾರ್ಜು ನಮ್ಮದೇ, ಬೂಟು ಹರಿದರೆ ನಾವೇ ಹೊಲಿಸಿಕೊಳ್ಳಬೇಕು. ಖಣ ಮಾತ್ರ ತಪ್ಪುವುದಿಲ್ಲ. ಎರಡು ವರ್ಷದ ಹಿಂದೆ ಮಾಯಾ ರಾಜ್ಯ ಲೀಗಿನ ಆಯ್ಕೆಗೆ ಹೋಗುವಾಗ ಅವಳ ಫಾರ್ಮ್ ತುಂಬಿದವಳು ನಾನೇ. ಅದರಲ್ಲೊಂದು ಪ್ರಶ್ನೆ ಇತ್ತು: ಕ್ಲಬ್ಬಿನಿಂದ ಆಟಗಾರ್ತಿಗೆ ಪ್ರತಿವರ್ಷ ಏನಾದರೂ ಸಲ್ಲುತ್ತದೆಯೇ? ಸುಳ್ಳು ಬರೆಯಬಾರದೆಂದು 'ಹೌದು, ವರ್ಷಕ್ಕೊಂದು ಖಣ' ಎಂದು ಬರೆದೆ. ಎಷ್ಟು ವರ್ಷ ಎಂದು ಕೇಳಿತು. ಪಕ್ಕದಲ್ಲಿ ನಿಂತಿದ್ದ ನಮ್ಮ ಕೋಚ್ ಹುಲ್ಲಪ್ಪ ಸರ್ "ಮೂರು ವರ್ಷ ಅಂತ ಬರಿ, ಎಲ್ಲಿ ಹೋಗ್ತಾಳ ಆಕಿ" ಎಂದರು. ಬರೆದೆ. ಆವತ್ತಿನಿಂದ ಮಾಯಾ ನಮ್ಮ ಕ್ಲಬ್ಬಿಗೆ ಕಟ್ಟುಬಿದ್ದಳು. ನಮಗೂ ಗೊತ್ತಾಗಿರಲಿಲ್ಲ, ಅವಳಿಗೂ ಗೊತ್ತಾಗಿರಲಿಲ್ಲ. ಗೋವಾದವರಿಗೆ ಗೊತ್ತಾಯಿತು.

ಗೋವಾದವರ ಪರವಾಗಿ ಬಂದಿದ್ದವನು ಧರ್ಮರಾಜ ಎಂಬ ಬೆಳಗಾವಿಯ ಮನುಷ್ಯ. ಊರೂರು ತಿರುಗಿ ಒಳ್ಳೆಯ ಆಟಗಾರ್ತಿಯರನ್ನು ಹುಡುಕುವುದೇ ಅವನ ಕೆಲಸ. ಜುಲೈಯಲ್ಲಿ ಬಾಗಲಕೋಟೆ ನವನಗರದ ಮೈದಾನದಲ್ಲಿ ನಮ್ಮದೂ ಇಳಕಲ್ಲಿನವರದೂ ಪಂದ್ಯವಿದ್ದಾಗ ಅವನು ನೆರಳಲ್ಲಿ ಕುಳಿತು ಶೇಂಗಾ ತಿನ್ನುತ್ತಿದ್ದ. ಮಾಯಾ ಎಡಗಾಲಿನಿಂದ ಎರಡು ಗೋಲು ಹೊಡೆದಳು. ಪಂದ್ಯ ಮುಗಿದ ಮೇಲೆ ಅವನು ನನ್ನ ಹತ್ತಿರವೇ ಬಂದು, "ಆ ಹುಡುಗಿದು ಎಡಗಾಲ ನೋಡ್ರಿ. ಅದು ಕಲಿಸಿದ್ರ ಬರೂದಲ್ಲ. ದೇವರು ಕೊಟ್ಟದ್ದು," ಎಂದ.

ಹನ್ನೊಂದು ವರ್ಷದ ಹುಡುಗಿ ಮೈದಾನಕ್ಕೆ ಬಂದಾಗ ಅವಳಿಗೆ ಎಡಗಾಲಲ್ಲಿ ಚೆಂಡು ಮುಟ್ಟಲೂ ಬರುತ್ತಿರಲಿಲ್ಲ. ಬಲಗಾಲು ಉಪಯೋಗಿಸಬಾರದೆಂದು ನನ್ನ ದುಪಟ್ಟಾದಿಂದ ಅದನ್ನು ಗೋಲ್‌ಪೋಸ್ಟಿಗೆ ಕಟ್ಟಿ, ಒಂದು ಇಡೀ ಬೇಸಿಗೆ ನಾನು ಅವಳ ಎಡಗಾಲಿಗೆ ಚೆಂಡು ಉರುಳಿಸಿದ್ದೆ. ದುಪಟ್ಟಾ ಹರಿದುಹೋಯಿತು. ದೇವರ ದುಪಟ್ಟಾ ಅಲ್ಲ ಅದು, ನನ್ನದು.

ಅದನ್ನು ಧರ್ಮರಾಜನಿಗೆ ಹೇಳಬಹುದಿತ್ತು. ಹೇಳಿದ್ದರೆ ಹೊಟ್ಟೆಕಿಚ್ಚು ಅನ್ನಿಸುತ್ತಿತ್ತು. ಹೇಳದಿದ್ದರೂ ಅದು ಅದೇ ಆಗಿತ್ತು.

ಮಂಗಳವಾರ ಹುಲ್ಲಪ್ಪ ಸರ್ ಸೆಂಟರಿಗೆ ಬಂದರು. ಅವರಿಗೆ ನಾಲ್ಕು ಪವರ್‌ಲೂಮ್ ಇವೆ, ಬೆಳಿಗ್ಗೆಯ ಪಾಳಿ ಮುಗಿಸಿ ಬಂದರೆ ಶರ್ಟಿನ ಮೇಲೆಲ್ಲ ನೂಲಿನ ಎಳೆ. ಕುರ್ಚಿ ಎಳೆದುಕೊಂಡು ಕುಳಿತರು.

"ಒತ್ತಿದೇನವ್ವ?"

"ಇನ್ನೂ ಇಲ್ರಿ ಸರ. ಸರ್ವರ್ ಸ್ಲೋ ಐತಿ."

"ಒತ್ತೂಮುಂದ ಒಂದು ಖಾನಿ ಐತಂತಲ್ಲ, ಬದಲಿಗೆ ಎಷ್ಟು ರೊಕ್ಕ ಅಂತ. ಅಲ್ಲಿ ಎರಡು ಲಕ್ಷ ಬರಿ. ಧರ್ಮರಾಜನ ಜೋಡಿ ಮಾತಾಗೇತಿ. ಅವರು ಕೊಡಾಕ ತಯಾರ ಅದಾರ."

"ಎರಡು ಲಕ್ಷ," ಎಂದೆ.

"ಹೂಂ. ಮೈದಾನಕ್ಕ ತಂತಿ ಬೇಲಿ ಆಗ್ತೈತಿ. ಹಂದಿ ಕಾಟ ತಪ್ಪತೈತಿ. ಹೊಸಾ ಗೋಲ್‌ಪೋಸ್ಟ, ಎಲ್ಲಾ ಹುಡುಗ್ಯಾರಿಗೂ ಬೂಟ. ನೀನ ಲೆಕ್ಕಾ ಹಾಕು."

ನಾನು ಬೇರೆ ಲೆಕ್ಕ ಹಾಕುತ್ತಿದ್ದೆ. ಒಂಬತ್ತು ವರ್ಷದ ಹಿಂದೆ, ನನಗೆ ಇಪ್ಪತ್ತು ವರ್ಷವಿದ್ದಾಗ, ಬೆಂಗಳೂರಿನ ಒಂದು ಕ್ಲಬ್ಬಿನಿಂದ ನನಗೂ ಪತ್ರ ಬಂದಿತ್ತು. ಊಟ, ವಸತಿ, ತಿಂಗಳಿಗೆ ಎಂಟು ಸಾವಿರ. ಆವತ್ತು ಇದೇ ಹುಲ್ಲಪ್ಪ ಸರ್ ನಮ್ಮ ಮನೆಗೆ ಬಂದು, ಮಗ್ಗದ ಕುಣಿಯ ಪಕ್ಕದಲ್ಲಿ ಕುಳಿತು ಹೇಳಿದ್ದು ನನಗೆ ಒಂದು ಶಬ್ದವೂ ಮರೆತಿಲ್ಲ. "ಕ್ಲಬ್ ಅಂದ್ರ ತಾಯಿ ಇದ್ದಂಗವ್ವ. ರೊಕ್ಕ ಕಂಡಲ್ಲಿ ತಾಯಿನ್ನ ಬಿಟ್ಟು ಹೋಗಬಾರದು." ನಾನು ಉಳಿದೆ. ಆ ಪಂಚಮಿಗೆ ಎಲ್ಲರಿಗೂ ಒಂದು ಖಣ ಕೊಟ್ಟರೆ ನನಗೆ ಎರಡು ಕೊಟ್ಟರು. ಸೂಜಿಮಲ್ಲಿಗೆ ಹೂವಿನದು. ನಾನು ಅದನ್ನೇ ದೊಡ್ಡದು ಅಂದುಕೊಂಡಿದ್ದೆ.

"ಸರ," ಎಂದೆ, "ನನಗ ಪತ್ರ ಬಂದಾಗ ನೀವು ಬ್ಯಾಡ ಅಂದಿದ್ರಿ."

ಅವರು ಶರ್ಟಿನ ಮೇಲಿನ ಎಳೆ ತೆಗೆಯತೊಡಗಿದರು. "ಆವಾಗಿನ ಕಾಲ ಬ್ಯಾರೆ ಇತ್ತು. ಆವಾಗ ಯಾರು ರೊಕ್ಕ ಕೊಡ್ತಿದ್ರವ್ವ? ಅವರು ಸುಮ್ನ ಎಬ್ಬಿಸ್ಕೊಂಡು ಹೋಗವ್ರಿದ್ರು. ಕ್ಲಬ್ಬಿಗೆ ಏನ ಉಳೀತಿತ್ತು?"

"ನನಗ ಏನರ ಉಳೀತಿತ್ತಲ್ರಿ."

"ನೀ ಈಗೇನು ಕಡಿಮಿ ಇದ್ದಿ? ಸ್ವಂತ ಅಂಗಡಿ ಐತಿ." ಎದ್ದು ನಿಂತರು. "ಶುಕ್ರವಾರದ ಮಟ ತಡೀಬ್ಯಾಡ. ಅವರ ಕಡೆ ಮಣಿಪುರದ ಹುಡುಗಿ ಒಬ್ಬಾಕಿ ತಯಾರ ಅದಾಳಂತ. ನಾವು ತಡಾ ಮಾಡಿದ್ರ ಆಕಿನ್ನ ತಗೋತಾರ. ಮಾಯಾ ಇಲ್ಲೇ ಉಳೀತಾಳ."

ಮಾಯಾ ಇಲ್ಲೇ ಉಳಿಯುತ್ತಾಳೆ. ಅವರು ಹೋದ ಮೇಲೂ ಆ ಮಾತು ಅಂಗಡಿಯಲ್ಲೇ ಉಳಿದುಕೊಂಡಿತು. ನಾನು ಏನೂ ಮಾಡಬೇಕಾಗಿರಲಿಲ್ಲ. ನಿರಾಕರಣೆ ಒತ್ತುವುದೂ ಬೇಡ. ಸುಮ್ಮನೆ ಕುಳಿತಿದ್ದರೆ ಶುಕ್ರವಾರ ತಾನಾಗಿಯೇ ಬರುತ್ತದೆ, ಐದು ಗಂಟೆ ತಾನಾಗಿಯೇ ಹೊಡೆಯುತ್ತದೆ.

ಬುಧವಾರ ಮಾಯಾಳೇ ಬಂದಳು. ಪ್ರ್ಯಾಕ್ಟೀಸ್ ಮುಗಿಸಿ, ಮೊಣಕಾಲಿಗೆ ಕೆಂಪು ಮಣ್ಣು ಮೆತ್ತಿಕೊಂಡು. ಒಳಗೆ ಬಂದವಳು ಝೆರಾಕ್ಸ್ ಮಶಿನ್ನಿನ ಮೇಲೆ ಹತ್ತಿ ಕುಳಿತಳು.

"ಇಳಿಲೇ, ಗಾಜು ಒಡೀತೈತಿ," ಎಂದೆ.

ಇಳಿಯಲಿಲ್ಲ. "ನಾಗಕ್ಕ, ಸರ್ವರ್ ಬಂತನು?"

"ಇಲ್ಲ."

"ಅವ್ರು ಫ್ಲ್ಯಾಟ್‌ನ ಫೋಟೋ ಕಳಸ್ಯಾರ. ನೋಡಿಲ್ಲಿ." ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. ಬಿಳಿ ಗೋಡೆ, ಎರಡು ಮಂಚ, ಕಿಟಕಿಯಲ್ಲಿ ತೆಂಗಿನ ಮರ. "ಅಡಿಗಿ ಮಾಡಾಕ ಬ್ಯಾರೆ ಹೆಣ್ಮಗಳು ಇರ್ತಾಳಂತ. ಮಸಾಜ್ ಮಾಡಾಕ ಬ್ಯಾರೆ ಡಾಕ್ಟರ್. ತಿಂಗಳಿಗೆ ನಲವತ್ತು ಸಾವಿರ. ನನಗ ನಗೀನ ಬಂತಕ್ಕ. ಕಾಲು ತಿಕ್ಕಾಕ ಡಾಕ್ಟರ್!"

"ಮೀನ ತಿನ್ನಾಕ ಹಚ್ಚತಾರ ನೋಡು," ಎಂದೆ.

"ತಿಂತೇನಿ ಬಿಡು. ಅವ್ವಗ ಹೇಳಬ್ಯಾಡ." ನಕ್ಕಳು. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಕೇಳಿದಳು: "ಅಕ್ಕಾ, ನೀ ಆವಾಗ ಬೆಂಗಳೂರಿಗೆ ಯಾಕ ಹೋಗಲಿಲ್ಲ?"

ಅವಳಿಗೆ ಯಾರು ಹೇಳಿದರೋ. ಆ ಪ್ರಶ್ನೆಯಲ್ಲಿ ಕೆಡುಕೇನೂ ಇರಲಿಲ್ಲ. ಅದೇ ನನಗೆ ಕೆಟ್ಟದಾಗಿ ತಾಗಿತು. ಅವಳ ಪಾಲಿಗೆ ಅದು ಹೋಗಬಹುದಾಗಿದ್ದ ಜಾಗಕ್ಕೆ ಹೋಗದೆ ಉಳಿದವಳೊಬ್ಬಳ ಕಥೆ, ಅಷ್ಟೆ.

"ಕ್ಲಬ್ ಇತ್ತಲ್ಲ," ಎಂದೆ.

"ಕ್ಲಬ್ ಈಗೂ ಐತಲ್ಲ," ಎಂದಳು ಮಾಯಾ. "ನಾ ಹೋದ್ರೂ ಇರ್ತೈತಿ."

ಆ ಕಾಲುಗಳು ನನ್ನ ಮಶಿನ್ನಿನ ಮೇಲಿಂದ ತೂಗಾಡುತ್ತಿದ್ದವು. ನಾನು ಎಡಗಾಲನ್ನೇ ನೋಡುತ್ತಿದ್ದೆ. ಒಂದು ಕ್ಷಣ ಆ ಕಾಲು ಉಳುಕಲಿ ಅನ್ನಿಸಿತು. ದೊಡ್ಡದೇನೂ ಅಲ್ಲ, ಹದಿನೈದು ದಿನದ ಉಳುಕು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ, ಆದರೆ ಅನ್ನಿಸಿದ್ದು ಹಾಗೇ. ಆಮೇಲೆ ಅವಳಿಗೆ ಚಹಾ ತರಿಸಿಕೊಟ್ಟೆ.

ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ಮಾಯಾಳ ತಾಯಿ ಶೇಖವ್ವ ಬಂದಳು. ಅವಳದು ಕೈಮಗ್ಗ. ಗಂಡ ತೀರಿಕೊಂಡ ಮೇಲೂ ಮಗ್ಗದ ಕುಣಿಯಿಂದ ಮೇಲೆದ್ದವಳಲ್ಲ. ಹಗಲು ಹೊತ್ತಿನಲ್ಲಿ ಅವಳನ್ನು ಬಸ್‌ಸ್ಟ್ಯಾಂಡಿನ ಕಡೆ ಕಂಡವರೇ ಕಡಿಮೆ. ಕುರ್ಚಿ ತೋರಿಸಿದರೆ ಕುಳಿತುಕೊಳ್ಳಲಿಲ್ಲ. ಸೆರಗಿನೊಳಗಿಂದ ಒಂದು ಪ್ಲಾಸ್ಟಿಕ್ ಚೀಲ ತೆಗೆದು, ಅದರಿಂದ ಎರಡು ಖಣ ಹೊರಗೆ ತೆಗೆದಳು. ಅಂಗಡಿಯಲ್ಲಿ ಮಡಿಸಿಕೊಟ್ಟ ಮೂರುಮೂಲೆಯ ಮಡಿಕೆ ಹಾಗೇ ಇತ್ತು. ಒಂದರ ಮೇಲೆ ಹಳೆಯ ಕುಂಕುಮದ ಗುರುತು. ಎರಡನ್ನೂ ನನ್ನ ಕೀಬೋರ್ಡಿನ ಮೇಲಿಟ್ಟಳು. ತೆರೆಯ ಮೇಲೆ ತಮ್ಮಷ್ಟಕ್ಕೆ ಅಕ್ಷರಗಳು ಓಡತೊಡಗಿದವು.

"ಇದೇನ ಕಾಕೂ?"

"ನಿಮ್ಮ ಕ್ಲಬ್ಬಿನ ಖಣ. ನೀ ಆ ಫಾರ್ಮ್ ತುಂಬಿದಾಗಿಂದ ಮೂರು ಬಂದಿದ್ದುವು. ಎರಡು ಹಂಗ ಅದಾವ, ಬಿಚ್ಚಿಲ್ಲ. ಆಕಿಗೆ ಎಲ್ಲಿ ಕುಪ್ಪಸ, ಆಕಿ ಅಂಗಿ-ಚಣ್ಣದಾಗ ಇರಾಕಿ." ತನ್ನ ತೋಳನ್ನು ಮುಂದೆ ಚಾಚಿ ತೋರಿಸಿದಳು. "ಮೂರನೇದ್ದು ನಾ ಹೊಲಿಸ್ಕೊಂಡೇನಿ. ಬೇಕಂದ್ರ ಹೊಲಗಿ ಬಿಚ್ಚಿ ಒಗದು ಕೊಡ್ತೇನಿ, ಸಂಜಿಮಟ ತಡಿ. ಇವನ್ನ ತಗೊಂಡು ನನ್ನ ಮಗಳನ್ನ ಬಿಡು."

"ಕಾಕೂ, ಹಂಗಲ್ಲ ಅದು. ಸರ್ವರ್..."

"ನಿನ್ನ ಸರ್ವರ್ ಉಳಿದವ್ರಿಗೆಲ್ಲ ನಡದೈತಿ. ಶಿವಲಿಂಗವ್ವನ ಪಿಂಚಣಿ ಮಂಗಳವಾರನ ಹೋತಂತ."

ಊರಲ್ಲಿ ಶಬ್ದ ನೋಡಿ ಆಡುವವಳೆಂದು ಹೆಸರಾದವಳು ನಾನು. ಆಗ ಬಾಯಿಗೆ ಬಂದದ್ದು ಇಷ್ಟೇ, "ಪಂಚಮಿಗೆ ಕೊಟ್ಟ ಖಣ ಹಿಂದಕ್ಕ ಕೊಡಬಾರದು ಕಾಕೂ."

"ಗೊತ್ತೈತಿ," ಎಂದಳು ಶೇಖವ್ವ. "ಕೊಟ್ಟವ್ರೂ ಅದನ್ನ ಹಗ್ಗಾ ಮಾಡಬಾರದು."

ಸಿಟ್ಟಿನಿಂದ ಹೇಳಲಿಲ್ಲ. ಮಗ್ಗದಲ್ಲಿ ಎಳೆ ಹರಿದಾಗ ಅದನ್ನು ಹುಡುಕಿ ಗಂಟು ಹಾಕುವವರ ಹಾಗೆ, ನನ್ನ ಕಡೆ ನೋಡದೆ, ಕೈಯಲ್ಲಿದ್ದ ಚೀಲವನ್ನು ಮಡಿಸುತ್ತ ಹೇಳಿದಳು. ಬಾಗಿಲ ಹತ್ತಿರ ಹೋದವಳು ತಿರುಗಿ, "ನೀನೂ ಭಾಳ ಛಲೋ ಆಡ್ತಿದ್ದಿ. ನಾ ನೋಡೇನಿ," ಎಂದಳು. ಅದನ್ನು ಯಾರಾದರೂ ಹೇಳಬೇಕೆಂದು ನಾನು ಒಂಬತ್ತು ವರ್ಷದಿಂದ ಕಾದಿದ್ದೆ. ಹೇಳಿದವಳು ಅವಳಾಗಬಾರದಿತ್ತು. ಹೇಳಿದ ದಿನವೂ ಅದಾಗಬಾರದಿತ್ತು.

ಖಣಗಳನ್ನು ಟೇಬಲ್ಲಿನ ಖಾನೆಯಲ್ಲಿಟ್ಟು ಬೀಗ ಹಾಕಿದೆ.

ಶುಕ್ರವಾರ ಧರ್ಮರಾಜ ಮೂರು ಸಲ ಫೋನ್ ಮಾಡಿದ. ಮೂರನೆಯ ಸಲ ಅವನ ದನಿ ಮೊದಲಿನಷ್ಟು ನಯವಾಗಿರಲಿಲ್ಲ. "ಮೇಡಂ, ಎರಡು ಲಕ್ಷ ಹಾಕ್ರಿ, ಒತ್ರಿ. ನಮ್ಮವರು ಅಲ್ಲಿ ಕುಂತಾರ, ನಿಮಿಷದಾಗ ಒಪ್ಪತಾರ. ನಾಲ್ಕೂವರಿ ಆಗೇತಿ."

ಆ್ಯಪ್ ತೆರೆದೆ. ಒಪ್ಪಿಗೆ ಒತ್ತಿದೆ. ಖಾನೆ ಬಂತು: ಬದಲಿಗೆ ಸಲ್ಲಬೇಕಾದ ಮೊತ್ತ. ಎರಡು ಬರೆದೆ, ಐದು ಸೊನ್ನೆ ಬರೆದೆ. ಅದರ ಕೆಳಗೆ ಸಣ್ಣಕ್ಷರದಲ್ಲಿ ಒಂದು ಸಾಲಿತ್ತು: ಈ ಮೊತ್ತವು ಆಟಗಾರ್ತಿಯ ದಾಖಲೆಯಲ್ಲಿ ಶಾಶ್ವತವಾಗಿ ಉಳಿಯುತ್ತದೆ.

ನಾನು ಎರಡು ಸಲ ಓದಿದೆ.

ಅಂದರೆ ಮಾಯಾಳ ಹೆಸರಿನ ಪಕ್ಕದಲ್ಲಿ, ಯಾರು ಯಾವಾಗ ತೆರೆದು ನೋಡಿದರೂ, ಗುಳೇದಗುಡ್ಡದಿಂದ ಗೋವಾಕ್ಕೆ ಎರಡು ಲಕ್ಷ ಎಂದಿರುತ್ತದೆ. ಮುಂದಿನ ವರ್ಷ ಬೇರೆ ಕ್ಲಬ್ ಐದು ಲಕ್ಷ ಕೊಡಬಹುದು. ಆ ಸಾಲಿನಲ್ಲಿ ಮೊದಲ ಅಂಕಿ ನಾನೇ ನನ್ನ ಬೆರಳಿನಿಂದ ಬರೆದದ್ದಾಗಿರುತ್ತದೆ. ನನ್ನ ಹೆಸರನ್ನು ಹುಡುಕಿದರೆ 'ನಿವೃತ್ತ' ಎಂಬ ಒಂದು ಶಬ್ದವಿದೆ, ಅಷ್ಟೆ. ಅವಳು ಹೋಗಲಿ. ಸಂಬಳ ತಗೊಳ್ಳಲಿ, ಕಾಲು ತಿಕ್ಕಿಸಿಕೊಳ್ಳಲಿ, ತೆಂಗಿನ ಮರ ನೋಡಲಿ. ಅಷ್ಟನ್ನು ನಾನು ತಡೆಯಲಾರೆ, ಅವಳ ತಾಯಿ ಅದನ್ನು ನನ್ನ ಕೈಯಿಂದ ಕಿತ್ತುಕೊಂಡು ಹೋಗಿದ್ದಳು. ಆದರೆ ನನ್ನನ್ನು ಪುಕ್ಕಟೆ ಇಟ್ಟುಕೊಂಡ ಕ್ಲಬ್ಬು ಅವಳಿಗೆ ಬೆಲೆ ಕಟ್ಟಬಾರದು.

ಐದು ಸೊನ್ನೆಗಳನ್ನು ಒಂದೊಂದಾಗಿ ಅಳಿಸಿದೆ. ಎರಡನ್ನೂ ಅಳಿಸಿದೆ. ಖಾಲಿ ಬಿಟ್ಟರೆ ಮುಂದೆ ಹೋಗಗೊಡಲಿಲ್ಲ. ಒಂದು ಸೊನ್ನೆ ಬರೆದೆ. ಓಟಿಪಿ ಬಂತು, ಹಾಕಿದೆ. ನಾಲ್ಕು ಗಂಟೆ ನಲವತ್ತೊಂದು ನಿಮಿಷ.

ಐದು ದಾಟಿದ ಮೇಲೆ ಹುಲ್ಲಪ್ಪ ಸರ್ ಬಂದರು. ಈ ಸಲ ಅವರಿಗೆ ಕುರ್ಚಿ ಸಿಗಲಿಲ್ಲ, ಅಥವಾ ಕಾಣಲಿಲ್ಲ.

"ಧರ್ಮರಾಜ ಫೋನ್ ಮಾಡಿದ್ದ. ನಕ್ಕೋತ ಥ್ಯಾಂಕ್ಸ್ ಅಂದ. ಯಾಕ ಥ್ಯಾಂಕ್ಸ್ ಅಂದೆ. ಪುಕ್ಕಟ ಕೊಟ್ರಲ್ರಿ ಅಂದ." ಅವರ ದನಿ ಒಣಗಿತ್ತು. "ಸೊನ್ನಿ ಬರದೇನವ್ವ?"

"ಹೌದ್ರಿ."

"ಯಾಕ?"

"ಕ್ಲಬ್ ತಾಯಿ ಇದ್ದಂಗ ಅಂತ ನೀವ ಹೇಳಿದ್ರಲ್ರಿ ಸರ. ತಾಯಿ ಮಗಳನ್ನ ಮಾರ್ತಾಳೇನ್ರಿ?"

ಈ ಮಾತನ್ನು ನಾನು ನಾಲ್ಕು ಗಂಟೆ ನಲವತ್ತೆರಡಕ್ಕೇ ಸಿದ್ಧ ಮಾಡಿಟ್ಟುಕೊಂಡಿದ್ದೆ. ಅವರು ಸಿಟ್ಟಾಗುತ್ತಾರೆ, ಆಗ ಒಂಬತ್ತು ವರ್ಷದ್ದೆಲ್ಲ ಆಡಿ ತೀರಿಸಿಕೊಳ್ಳಬಹುದು ಎಂದುಕೊಂಡಿದ್ದೆ. ಅವರು ಕಂಪ್ಯೂಟರಿನ ಕಡೆ ನೋಡಿದರು. ಕಣ್ಣಂಚು ಒದ್ದೆಯಾಯಿತು. "ನೀ ನನಗಿಂತ ದೊಡ್ಡಾಕಿ ಆದಿ ತಂಗಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಅವರ ಶರ್ಟಿನ ಒಂದು ನೂಲಿನ ಎಳೆ ನನ್ನ ಕೂದಲಿಗೆ ಅಂಟಿಕೊಂಡಿತ್ತು. ಮನೆಯಲ್ಲಿ ತಲೆ ಬಾಚುವಾಗ ಸಿಕ್ಕಿತು.

ಬೇಲಿ ಆಗಲಿಲ್ಲ. ಹಂದಿಗಳು ಈಗಲೂ ಬರುತ್ತವೆ. ಸಣ್ಣ ಹುಡುಗಿಯರು ಪ್ರ್ಯಾಕ್ಟೀಸಿಗೆ ಮುಂಚೆ ಕಲ್ಲು ಹಿಡಿದು ಅವುಗಳನ್ನು ಓಡಿಸುವಾಗ ನಾನು ಬೇರೆ ಕಡೆ ನೋಡುತ್ತೇನೆ.

ಮಾಯಾ ಹೋಗುವ ದಿನ ನನ್ನ ಕಾಲಿಗೆ ಬಿದ್ದು ಎದ್ದಳು. ನಾನು ಖಾನೆಯ ಬೀಗ ತೆಗೆದು ಎರಡು ಖಣ ಅವಳ ಕೈಗಿಟ್ಟೆ. "ಅವ್ವಗ ಕೊಡು. ಹಿಂದಕ್ಕ ತಗೊಳ್ಳೂದಿಲ್ಲಂತ ಹೇಳು." ಅವಳು ಏನೂ ಅರ್ಥವಾಗದೆ ನಕ್ಕಳು. ಅಕ್ಟೋಬರ್‌ನಲ್ಲಿ ಯಾವುದೋ ಚಾನಲ್ಲಿನವರು ಮಾತಾಡಿಸಿದಾಗ, "ನಮ್ಮ ನಾಗಕ್ಕ ಒಂದು ರೂಪಾಯಿ ತಗೊಳ್ಳದ ನನ್ನ ಕಳಿಸಿದ್ರು. ಅಂಥಾ ಕ್ಲಬ್ ಎಲ್ಲಿ ಸಿಗತೈತಿ," ಎಂದಳು. ಆ ವಿಡಿಯೊ ಊರಿನ ಎಲ್ಲ ಗ್ರೂಪುಗಳಲ್ಲೂ ಓಡಾಡಿತು. ಅಂಗಡಿಗೆ ಬಂದವರು ನನಗೆ ಕೈಮುಗಿದರು. ಒಬ್ಬ ಮನುಷ್ಯನಂತೂ ಝೆರಾಕ್ಸಿನ ಚಿಲ್ಲರೆ ವಾಪಸ್ಸು ತೆಗೆದುಕೊಳ್ಳಲಿಲ್ಲ.

ಅವಳ ಪಂದ್ಯಗಳನ್ನು ಫೋನಿನಲ್ಲಿ ನೋಡುತ್ತೇನೆ, ಒಂದೂ ಬಿಟ್ಟಿಲ್ಲ. ಅವಳು ಚೆಂಡು ಕಳೆದುಕೊಂಡಾಗ ನನಗೆ ಉಸಿರು ಸಲೀಸಾಗುತ್ತದೆ. ನಾಲ್ಕನೆಯ ಪಂದ್ಯದಲ್ಲಿ ಎಡಗಾಲಿನಿಂದ ಗೋಲು ಹೊಡೆದಳು. ಓಡಿ ಬಂದು ಕ್ಯಾಮೆರಾದ ಮುಂದೆ, ಎದೆಯ ಮೇಲಿದ್ದ ಗೋವಾ ಕ್ಲಬ್ಬಿನ ಲಾಂಛನವನ್ನು ಎತ್ತಿ ಮುತ್ತಿಟ್ಟಳು. ಸೇರಿ ಎರಡು ತಿಂಗಳೂ ಆಗಿರಲಿಲ್ಲ. ನಮ್ಮ ಅಂಗಿಯ ಮೇಲೂ ಒಂದು ಲಾಳಿಯ ಚಿತ್ರವಿತ್ತು, ಮೂರು ಒಗೆತಕ್ಕೆ ಅಳಿಸಿಹೋಗುವಂಥದ್ದು. ಹದಿನಾಲ್ಕು ವರ್ಷ ಅದನ್ನು ಹಾಕಿಕೊಂಡೆ, ಮುತ್ತಿಡಬೇಕೆಂದು ಹೊಳೆದೇ ಇರಲಿಲ್ಲ. ಕಾಮೆಂಟ್ರಿಯವನು ಅವಳನ್ನು 'ಪುಕ್ಕಟೆ ಸಿಕ್ಕ ಚಿನ್ನ' ಎಂದ. ಮೊದಲನೆಯ ಶಬ್ದ ಕೇಳಿ ನನಗೆ ಹಿತವಾಯಿತು. ಕೊನೆಯದು ಕೇಳಿ ಫೋನು ಬೋರಲು ಹಾಕಿದೆ.

ಮತ್ತೆ ಪಂಚಮಿ ಬಂತು. ಮೈದಾನದ ಬೇವಿನ ಮರದ ಕೆಳಗೆ ಹುಲ್ಲಪ್ಪ ಸರ್ ಖಣ ಹಂಚಿದರು. ಈ ಸಲ ಹನ್ನೊಂದು ಹುಡುಗಿಯರ ಫಾರ್ಮ್ ತುಂಬುವುದಿತ್ತು. "ಆ ಖಣದ ಸುದ್ದಿ ಬರೀಬ್ಯಾಡವ್ವ," ಎಂದರು. ಬರೆಯಲಿಲ್ಲ. ಹನ್ನೊಂದಕ್ಕೂ 'ಇಲ್ಲ' ಎಂದು ಹಾಕಿದೆ. ಇವರನ್ನು ಯಾರು ಬೇಕಾದರೂ ಕರೆಯಲಿ, ಯಾರನ್ನೂ ಕೇಳದೆ ಇವರು ಹೋಗಲಿ.

ಎಲ್ಲ ಮುಗಿದ ಮೇಲೆ ಹನ್ನೆರಡನೆಯ ಫಾರ್ಮ್ ತೆರೆದೆ. ನಾಗರತ್ನಾ, ವಯಸ್ಸು ಮೂವತ್ತು, ಆಡುವ ಸ್ಥಾನ ಮಧ್ಯಭಾಗ. 'ನಿವೃತ್ತ' ಎಂಬಲ್ಲಿ ಗುರುತು ತೆಗೆದೆ. ಕ್ಲಬ್ಬಿನಿಂದ ಆಟಗಾರ್ತಿಗೆ ಪ್ರತಿವರ್ಷ ಏನಾದರೂ ಸಲ್ಲುತ್ತದೆಯೇ ಎಂಬ ಪ್ರಶ್ನೆಗೆ ಬಂದಾಗ ಹೊರಗೆ ಯಾರೂ ಬರುತ್ತಿಲ್ಲವೆಂದು ಒಮ್ಮೆ ನೋಡಿಕೊಂಡೆ. ಹೌದು ಎಂದು ಬರೆದೆ. ವರ್ಷಕ್ಕೊಂದು ಖಣ. ಮೂರು ವರ್ಷ.

ಇನ್ನು ಮೇಲೆ ನನ್ನನ್ನು ಯಾರಾದರೂ ಒಯ್ಯಬೇಕೆಂದರೆ ಮೊದಲು ವಿನಂತಿ ಕಳಿಸಬೇಕು. ಅದು ನನ್ನ ಫೋನಿಗೇ ಬರುತ್ತದೆ. ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ, ಮೊದಲ ಗಿರಾಕಿ ಬರುವ ಮುಂಚೆ, ಒಮ್ಮೆ ತೆರೆದು ನೋಡುತ್ತೇನೆ.